ಬೇಯದ ಬೇಳೆ, ಕಲ್ಲಾದ ಜರಿಎಲೆ

ಹೊರಡುವ ಮುಂಚೆ

ಟರ್ಕಿಗೆ ಹೊರಟಾಗ ಅಕ್ಕನ ಚೀಲದಲ್ಲಿ ಕರೆಂಟಿನ ಪುಟ್ಟ ಕುಕ್ಕರು, ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಇದ್ದವು. ನನ್ನ ಚೀಲದಲ್ಲಿ ನೀರಿನ ಗಡಸುತನ ತೋರಿಸುವ ಕಾಗದದ ಪಟ್ಟಿಗಳಿದ್ದವು. ಪರದೇಶದಲ್ಲಿ ಏನು ಬೇಕಾದೀತು ಎಂಬ ವಿಷಯದಲ್ಲಿ ನಮ್ಮಿಬ್ಬರ ಅಂದಾಜು ಅಷ್ಟು ಬೇರೆ. ಕೊನೆಗೆ ಎರಡು ಚೀಲದ ಸಾಮಾನೂ ಒಂದೇ ಕೆಲಸಕ್ಕೆ ಬಂದವು.

ಲಲಿತಕ್ಕ ನನಗಿಂತ ಹದಿಮೂರು ವರ್ಷಕ್ಕೆ ದೊಡ್ಡವಳು. ಪ್ರೈಮರಿ ಶಾಲೆಯ ಟೀಚರಾಗಿದ್ದು ನಿವೃತ್ತಳಾಗಿ ತೀರ್ಥಹಳ್ಳಿಯಲ್ಲಿದ್ದಾಳೆ. ನಾನು ಸಾಗರದಲ್ಲಿ ಕಾಲೇಜು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿ ಈಚೆಗೆ ನಿವೃತ್ತನಾದೆ. ಪುರಾವೆ ಇಲ್ಲದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದವನು ನಾನು. ಆದರೆ ಒಂದು ವಿಷಯಕ್ಕೆ ಮಾತ್ರ ನಾನೇ ಪುರಾವೆ ಕೇಳಿರಲಿಲ್ಲ.

ನನಗೆ ಅಪ್ಪನ ನೆನಪು ಇರುವುದು ಒಂದೇ ಒಂದು. ನಾನು ನಾಲ್ಕು ವರ್ಷದವನಿದ್ದಾಗ ಅವನು ತೀರಿಕೊಂಡ. ಮನೆಯಲ್ಲಿ ಅವನ ಫೋಟೋ ಇಲ್ಲ. ಆ ನೆನಪಿನಲ್ಲಿ ನಾನು ಅವನ ಹೆಗಲ ಮೇಲೆ ಕೂತಿದ್ದೇನೆ. ಎದುರಿಗೆ ಗುಡ್ಡದ ಒರತೆ. ಅವನು ನೀರಿನೊಳಗಿಂದ ಒಂದು ಜರಿಗಿಡದ ಎಲೆ ಎತ್ತಿ ಕೊಡುತ್ತಾನೆ. ಎಲೆ ಬೆಳ್ಳಗೆ ಕಲ್ಲಾಗಿದೆ. ಮುರಿದರೆ ಟಕ್ಕೆನ್ನುತ್ತದೆ. ಸುತ್ತ ಎಲೆಅಡಿಕೆಯ ವಾಸನೆ. ಇಷ್ಟೇ. ಪ್ರತಿ ವರ್ಷ ಹೊಸ ಮಕ್ಕಳಿಗೆ ಮೊದಲ ಪಾಠದಲ್ಲಿ ಇದನ್ನೇ ಹೇಳುತ್ತಿದ್ದೆ. ನಾನು ರಸಾಯನಶಾಸ್ತ್ರ ಓದಲು ಈ ಎಲೆಯೇ ಕಾರಣ ಎನ್ನುತ್ತಿದ್ದೆ.

ನಿವೃತ್ತನಾದ ಮೇಲೆ ಪುರುಸೊತ್ತಾಯಿತು. ಹೊಸನಗರದ ಹತ್ತಿರ ನಾವು ಬೆಳೆದ ಹಳ್ಳಿಗೆ ಹೋಗಿ, ಗುಡ್ಡ ಹತ್ತಿ, ಇದ್ದಬದ್ದ ಒರತೆಗಳ ನೀರನ್ನೆಲ್ಲ ಪರೀಕ್ಷೆ ಮಾಡಿದೆ. ಎಲ್ಲವೂ ಮಳೆನೀರಿನಷ್ಟು ಮೆದು. ಸೋಪು ಹಚ್ಚಿದರೆ ನೊರೆ ತೊಳೆದು ಮುಗಿಯುವುದಿಲ್ಲ. ಅಂಥ ನೀರು ಎಷ್ಟು ಕಾಲ ಹರಿದರೂ ಎಲೆಯನ್ನು ಕಲ್ಲು ಮಾಡಲಾರದು. ಅದಕ್ಕೆ ಸುಣ್ಣ ಬೇಕು. ಅವತ್ತಿನಿಂದ ನನ್ನ ನೆಮ್ಮದಿ ಹೋಯಿತು. ಹಳೆಯ ವಿದ್ಯಾರ್ಥಿಗಳ ಹೆಸರು ಮರೆಯುವುದು ಬೇರೆ ಶುರುವಾಗಿತ್ತು. ಹೆಸರು ಮರೆತರೆ ಮರೆಯಲಿ, ಆದರೆ ಆಗದೇ ಇದ್ದದ್ದನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ ಎಂದರೆ ಏನು? ಈ ಎಲೆ ಸುಳ್ಳಾದರೆ ನನ್ನ ಪಾಲಿಗೆ ಅಪ್ಪನೇ ಇಲ್ಲ.

ಅಕ್ಕನನ್ನು ಕೇಳಿದೆ. ಅವಳ ಉತ್ತರ ಮೊದಲಿನಿಂದಲೂ ಒಂದೇ.

“ನೀನು ಯಾವ್ದೋ ಪುಸ್ತಕದಲ್ಲಿ ನೋಡಿದ್ದು ಕಣಾ. ಹೊಸನಗರದ ಗುಡ್ಡದಲ್ಲಿ ಬೆಳ್ಳನೆ ಕಲ್ಲಿನ ಎಲೆ ಎಲ್ಲಿಂದ ಬರ್ಬೇಕು ಮಾರಾಯ?”

ನೀರಿನಿಂದ ಕಲ್ಲು ಹುಟ್ಟುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಿ, ಮುಟ್ಟಿ, ನನ್ನ ನೆನಪಿನ ಪಕ್ಕದಲ್ಲಿಟ್ಟು ನೋಡಬೇಕು ಅನ್ನಿಸಿತು. ನನ್ನ ಹೆಂಡತಿಗೆ ವಿಮಾನ ಅಂದರೆ ಆಗದು. ಅಕ್ಕ ತಾನಾಗಿಯೇ ಹೇಳಿದಳು, “ನಾನು ಬರ್ತೀನಿ. ನೀನೊಬ್ನೇ ಹೋದ್ರೆ ಇನ್ನೊಂದು ಕತೆ ಕಟ್ಕಂಡು ಬರ್ತೀಯ.”

ಪಾಮುಕ್ಕಲೆ

ಡೆನಿಜ್ಲಿ ಎಂಬ ಊರಿನಿಂದ ಸಣ್ಣ ಬಸ್ಸಿನಲ್ಲಿ ಹೋಗುವಾಗ ಒಂದು ತಿರುವಿನಲ್ಲಿ ಗುಡ್ಡ ಕಾಣಿಸಿತು. ಸುತ್ತ ಒಣ ಬಯಲು, ದಾಳಿಂಬೆ ಗಿಡ, ಮಧ್ಯದಲ್ಲಿ ಒಂದು ಗುಡ್ಡದ ಮಗ್ಗುಲು ಮಾತ್ರ ಕಣ್ಣು ಕುಕ್ಕುವಷ್ಟು ಬಿಳಿ.

“ಗುಡ್ಡಕ್ಕೆ ಯಾರೋ ಸುಣ್ಣ ಬಳಿದಾರೆ” ಎಂದಳು ಅಕ್ಕ.

“ಅದು ಸುಣ್ಣದ ಕಲ್ಲೇ ಅಕ್ಕಾ. ಬಳಿದದ್ದು ನೀರು.”

ಪಾಠ ಹೇಳುವ ಚಟ ನಿವೃತ್ತಿಯ ಜೊತೆ ಹೋಗುವುದಿಲ್ಲ. ಅಲ್ಲೇ ಶುರು ಮಾಡಿದೆ. ಮಳೆಯ ನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಗಾಳಿಯನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಸೋಡಾದಲ್ಲಿ ಇರುತ್ತದಲ್ಲ, ಅದೇ ಗಾಳಿ. ಆ ಹುಳಿ ನೀರು ಆಳದಲ್ಲಿರುವ ಸುಣ್ಣದ ಕಲ್ಲನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ಹೊರಗೆ ಬಂದ ಕೂಡಲೇ ಬಾಟಲಿಯ ಬಿರಡೆ ತೆಗೆದ ಹಾಗೆ ಗಾಳಿ ಹಾರಿಹೋಗುತ್ತದೆ. ಹುಳಿ ಹೋದ ಮೇಲೆ ನೀರಿಗೆ ಸುಣ್ಣವನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಹರಿದಲ್ಲೆಲ್ಲ ಅದನ್ನು ಬಿಟ್ಟುಹೋಗುತ್ತದೆ. ಇಲ್ಲಿ ನೀರು ಬಿಸಿಯಾಗಿದೆ, ಬೇಗ ಬಿಡುತ್ತದೆ, ಕಲ್ಲು ಗಟ್ಟಿಯಾಗಿ ಬೆಳ್ಳಗೆ ಕೂರುತ್ತದೆ. ಈ ಕಲ್ಲಿಗೆ ಟ್ರಾವರ್ಟೀನ್ ಎನ್ನುತ್ತಾರೆ.

ಅಕ್ಕ ಪೂರ್ತಿ ಕೇಳಿ, “ಸೋಡಾ ಕುಡಿಯೋ ಹಾಗಾಗಿದೆ” ಎಂದಳು.

ನಾವು ಇಳಿದುಕೊಂಡದ್ದು ಗುಡ್ಡದ ಬುಡದಲ್ಲಿರುವ ನಾಲ್ಕೈದು ಕೋಣೆಗಳ ಮನೆಯಲ್ಲಿ. ಮಾಲೀಕಳು ನೆರ್ಮಿನ್, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅವಳಿಗೆ ಬರುವ ಇಂಗ್ಲಿಷು ಬಾಗಿಲು ದಾಟುವಷ್ಟರಲ್ಲಿ ಮುಗಿಯಿತು. ಆಮೇಲೆ ಅವಳು ಫೋನಿಗೆ ಟರ್ಕಿ ಭಾಷೆಯಲ್ಲಿ ಮಾತಾಡುವುದು, ಫೋನು ನಮಗೆ ಕನ್ನಡದಲ್ಲಿ ಹೇಳುವುದು. ಮೊದಲ ಸಲ ಅದು, “ದಯವಿಟ್ಟು ತಮ್ಮ ಪಾದರಕ್ಷೆಗಳನ್ನು ದ್ವಾರದ ಬಳಿ ವಿಸರ್ಜಿಸಿ” ಎಂದಾಗ ಅಕ್ಕ ನನ್ನ ಕಡೆ ತಿರುಗಿದಳು.

“ಇದು ನಮ್ಮ ಹಳೇ ಹೆಡ್ಮಾಸ್ಟ್ರ ತರ ಮಾತಾಡ್ತದಲ್ಲಾ.”

ನೆರ್ಮಿನ್ ಅಕ್ಕನನ್ನು ಅಬ್ಲಾ ಎಂದು ಕರೆಯತೊಡಗಿದಳು. ಅವರ ಭಾಷೆಯಲ್ಲಿ ಹಾಗೆಂದರೆ ಅಕ್ಕ. ನನ್ನನ್ನು ಏನೆಂದೂ ಕರೆಯಲಿಲ್ಲ.

ಬರಿಗಾಲಿನ ಗುಡ್ಡ

ಬಿಳಿ ಗುಡ್ಡವನ್ನು ಬರಿಗಾಲಿನಲ್ಲೇ ಹತ್ತಬೇಕು. ಹೊಸದಾಗಿ ಕೂತ ಸುಣ್ಣ ಮೊದಲು ಗಂಜಿಯ ಕೆನೆಯ ಹಾಗೆ ಮೆತ್ತಗಿರುತ್ತದೆ, ಚಪ್ಪಲಿ ತಾಗಿದರೆ ಕೆಟ್ಟುಹೋಗುತ್ತದೆ. ಯಾರಾದರೂ ಚಪ್ಪಲಿ ಮೆಟ್ಟಿದ್ದು ಕಂಡರೆ ಕಾವಲಿನವರು ದೂರದಿಂದಲೇ ಸೀಟಿ ಊದುತ್ತಾರೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಅಭ್ಯಾಸವಿರುವ ನಮಗೆ ಇದು ಹೊಸದಲ್ಲ. ಯುರೋಪಿನ ಕಡೆಯಿಂದ ಬಂದವರು ಮಾತ್ರ ಬೂಟು ಕೈಯಲ್ಲಿ ಹಿಡಿದು, ಬಿಸಿ ಕಾವಲಿಯ ಮೇಲೆ ನಡೆಯುವವರ ಹಾಗೆ ಹೆಜ್ಜೆ ಹಾಕುತ್ತಿದ್ದರು.

ಹತ್ತಿರ ಹೋದರೆ ಬಿಳಿಯೆಲ್ಲ ಒಂದೇ ಬಿಳಿಯಲ್ಲ. ನೆಲದ ತುಂಬ ಸಣ್ಣ ಸಣ್ಣ ಏಣು, ನೀರಿನ ಅಲೆಯೇ ಹೆಪ್ಪುಗಟ್ಟಿದ ಹಾಗೆ. ಮೆಟ್ಟಿಲು ಮೆಟ್ಟಿಲಾಗಿ ಕೊಳಗಳು, ಒಂದೊಂದಕ್ಕೂ ದುಂಡನೆಯ ಅಂಚು. ಅಕ್ಕ ನಿಂತು ನೋಡಿ ಹೇಳಿದಳು, “ಇದು ಗದ್ದೆ ಕಣಾ. ಅಂಚು ಕಟ್ಟಿ ನೀರು ನಿಲ್ಲಿಸಿದಾರೆ.”

“ಯಾರೂ ಕಟ್ಟಿದ್ದಲ್ಲ. ಅಂಚಿನ ಮೇಲೆ ನೀರು ತೆಳ್ಳಗೆ ಹರೀತದೆ. ತೆಳ್ಳಗಾದಲ್ಲಿ ಗಾಳಿ ಬೇಗ ಹೋಗ್ತದೆ, ಸುಣ್ಣ ಅಲ್ಲೇ ಜಾಸ್ತಿ ಕೂರ್ತದೆ. ಅಂಚು ತಾನೇ ಎತ್ತರ ಆಗ್ತದೆ.”

“ಹಾಗಾದ್ರೆ ಇವ್ರಿಗೆ ಅಂಚು ಕಡಿಯೋ ಕೆಲಸ ಇಲ್ಲ. ಏಡಿ ತೂತಿನ ಕಾಟವೂ ಇಲ್ಲ.”

ಎಲ್ಲ ಕೊಳಗಳಲ್ಲೂ ನೀರಿರಲಿಲ್ಲ. ಮೇಲಿನಿಂದ ಸರದಿಯ ಮೇಲೆ ಬಿಡುತ್ತಾರಂತೆ. ಇವತ್ತು ಈ ಕಡೆ, ನಾಳೆ ಆ ಕಡೆ. ಸದಾ ನೀರು ನಿಂತರೆ ಪಾಚಿ ಕಟ್ಟಿ ಹಸಿರಾಗುತ್ತದೆ. ಒಣಗಲು ಬಿಟ್ಟರೆ ಬಿಳಿ ಉಳಿಯುತ್ತದೆ. ಬೇಸಿಗೆಯಲ್ಲಿ ಕಾಲುವೆ ನೀರಿಗೆ ಸರದಿ ಇಟ್ಟುಕೊಂಡು, ಆ ಸರದಿಗೇ ಮಾತು ಬಿಟ್ಟ ನಮ್ಮ ಹಳ್ಳಿಯ ಎರಡು ಮನೆಗಳು ನನಗೆ ನೆನಪಾದವು. ನೆನಪಾದವು ಎಂದು ಬರೆಯಲು ಈಗ ಭಯ. ಅಕ್ಕನನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಎರಡಲ್ಲ, ಮೂರು ಮನೆ.

ಅಕ್ಕ ಎಪ್ಪತ್ತು ದಾಟಿದವಳು, ಸೀರೆ ಎತ್ತಿ ಕಟ್ಟಿ ಸಲೀಸಾಗಿ ಹತ್ತಿದಳು. ಅವಳ ಕೈ ಹಿಡಿಯಬೇಕಾದೀತು ಎಂದುಕೊಂಡು ಬಂದ ನಾನು ಒಂದು ನುಣುಪು ಇಳಿಜಾರಿನಲ್ಲಿ ಕಾಲು ಜಾರಿ, ಬೆಚ್ಚಗಿನ ನೀರಿನ ಕೊಳದಲ್ಲಿ ಪ್ಯಾಂಟು ಸಮೇತ ಕೂತೆ. ಕೆಳಗೆ ಕೆನೆಯಂಥ ಕೆಸರು. ಎದ್ದಾಗ ಹಿಂಭಾಗ ಪೂರ್ತಿ ಬೆಳ್ಳಗಾಗಿತ್ತು. ಕಾವಲಿನವನು ಸೀಟಿ ಬಾಯಿಗಿಟ್ಟು, ಊದಬೇಕೋ ಬೇಡವೋ ತಿಳಿಯದೆ ಹಾಗೇ ನಿಂತಿದ್ದ.

“ಅಲ್ಲೇ ಕೂತ್ಕ. ನಿಧಾನಕ್ಕೆ ನೀನೂ ಕಲ್ಲಾಗ್ತೀಯ” ಎಂದಳು ಅಕ್ಕ.

ನೀರಿಗೆ ಪಟ್ಟಿ ಅದ್ದಿದೆ. ಗಡಸಿನ ಕೊನೆಯ ಬಣ್ಣಕ್ಕೆ ತಿರುಗಿತು. ಕೊಳದ ತಳದಿಂದ ಕಲ್ಲು ಹತ್ತಿದ ಒಂದು ಕಡ್ಡಿ ಸಿಕ್ಕಿತು. ಬಿಳಿ. ಬೆಳಕಿಗೆ ಹಿಡಿದು ಅಕ್ಕನಿಗೆ ಕೊಟ್ಟೆ. “ನೋಡು, ಹೀಗೇ ಇತ್ತು.”

ಅವಳು ಬೆರಳಲ್ಲಿ ತಿರುಗಿಸಿ ನೋಡಿದಳು. “ಚಂದ ಇದೆ. ಆದ್ರೆ ನಂಗೆ ಇಂಥದ್ದು ನೋಡಿದ ನೆನಪಿಲ್ಲ ಮಾರಾಯ. ಸುಳ್ಳು ಹೇಳ್ಲಾ?” ಕಡ್ಡಿಯನ್ನು ಮತ್ತೆ ನೀರಿಗೇ ಬಿಟ್ಟೆ. ಅಲ್ಲಿಂದ ಏನನ್ನೂ ತರುವ ಹಾಗಿಲ್ಲ. ಅವತ್ತು ತರುವ ಮನಸ್ಸೂ ಇರಲಿಲ್ಲ.

ಗೋಡೆಯಾದ ಕಾಲುವೆ

ಗುಡ್ಡದ ಮೇಲೆ ಹಾಳುಬಿದ್ದ ಹಳೆಯ ಪಟ್ಟಣವಿದೆ. ಗೋಡೆ, ಕಂಬ, ರಂಗಮಂದಿರ ಎಲ್ಲವೂ ಆ ನೀರೇ ಹಾಕಿದ ಕಲ್ಲಿನವು. ಇಕ್ಕೇರಿ ದೇವಸ್ಥಾನ ಕಟ್ಟಿದವರಿಗೆ ಸಿಕ್ಕಂಥ ಕಲ್ಲಲ್ಲ. ಆ ಕಲ್ಲು ಉಳಿ ತಾಗಿದರೆ ಕಿಣಿ ಎನ್ನುತ್ತದೆ. ಇದರ ಮೈತುಂಬ ತೂತು, ಹಳೇ ಬ್ರೆಡ್ಡಿನ ಹಾಗೆ. ಆದರೂ ಎರಡು ಸಾವಿರ ವರ್ಷ ನಿಂತಿದೆ.

ನನಗೆ ಹಿಡಿಸಿದ್ದು ಪಟ್ಟಣಕ್ಕಿಂತ ಅದರ ಸುತ್ತಮುತ್ತ ಕಂಡ ಉದ್ದುದ್ದ ಗೋಡೆಗಳು. ಆಳೆತ್ತರದ, ಮೇಲುಗಡೆ ಉದ್ದಕ್ಕೂ ಸಣ್ಣ ತೋಡು ಇರುವ ಗೋಡೆಗಳು. ಸಂಜೆ ನೆರ್ಮಿನ್‌ಳನ್ನು ಕೇಳಿದೆ. ಫೋನು ಹೇಳಿತು, “ಅವು ಭಿತ್ತಿಗಳಲ್ಲ. ಪೂರ್ವಜರು ಹೊಲಕ್ಕೆ ಜಲವನ್ನು ಒಯ್ದ ಕಾಲುವೆಗಳು.” ಬಿಸಿನೀರನ್ನು ಹೊಲಕ್ಕೆ ಹರಿಸಿದರೆ ಅದು ಹೋಗುತ್ತ ಹೋಗುತ್ತ ಕಾಲುವೆಯ ತಳಕ್ಕೂ ಅಂಚಿಗೂ ಸುಣ್ಣ ಹಾಕುತ್ತದೆ. ತಳ ಏರುತ್ತದೆ, ಜೊತೆಗೆ ಅಂಚೂ ಏರುತ್ತದೆ. ವರ್ಷಗಳು ಕಳೆದಂತೆ ಕಾಲುವೆ ನೆಲ ಬಿಟ್ಟು ಎದ್ದು ಗೋಡೆಯ ತಲೆಯ ಮೇಲೆ ಹರಿಯತೊಡಗುತ್ತದೆ. ಇದು ಗೊತ್ತಾದ ಮೇಲೆ ಹಿಂದಿನವರು ಬೇಕೆಂದೇ ಹೊಲದ ಗಡಿಯಲ್ಲಿ ನೀರು ಹರಿಸುತ್ತಿದ್ದರಂತೆ. ಪಾಗಾರ ತಾನೇ ಎದ್ದು ನಿಲ್ಲುತ್ತಿತ್ತು.

ನಮ್ಮ ಕಡೆ ಗಡಿ ಎಂದರೆ ಕೆಳಗೆ ತೋಡುವುದು. ಅಗಳ ಹೊಡೆಸಿ, ಮಣ್ಣನ್ನು ನಮ್ಮ ಕಡೆ ಹಾಕಿದ್ದೋ ಅವರ ಕಡೆ ಹಾಕಿದ್ದೋ ಎಂದು ಮೂರು ತಲೆಮಾರು ಜಗಳ ಮಾಡುವುದು. ಅಕ್ಕ ಆ ಗೋಡೆಗಳ ಬಗ್ಗೆ ಬಹಳ ಹೊತ್ತು ಯೋಚಿಸಿದಳು.

“ರಾತ್ರೋರಾತ್ರಿ ಗಡಿಕಲ್ಲು ಸರ್ಸೋರಿಗೆ ಇಲ್ಲಿ ದಾರಿಯೇ ಇಲ್ಲ” ಎಂದಳು. “ನಮ್ಮ ಪಕ್ಕದ ಮನೆಯವ್ರಿಗೆ ಇಲ್ಲೊಂದು ಎಕರೆ ತೆಗೆದು ಕೊಡ್ಬೇಕು.”

ನೆರ್ಮಿನ್‌ಳ ಅಡುಗೆಮನೆ

ಎರಡನೆಯ ಸಂಜೆ ಅಕ್ಕ ಕೋಣೆಯಲ್ಲಿ ಕುಕ್ಕರು ಚುಚ್ಚಿದಳು. ಮನೆ ಪೂರ್ತಿ ಕತ್ತಲಾಯಿತು. ಪಕ್ಕದ ಕೋಣೆಯಿಂದ ಯಾವುದೋ ಭಾಷೆಯಲ್ಲಿ ಬೈಗುಳ ಕೇಳಿಸಿತು. ಟಾರ್ಚು ಹಿಡಿದು ಬಂದ ನೆರ್ಮಿನ್ ಬೆಳಕನ್ನು ಮೊದಲು ನನ್ನ ಮುಖಕ್ಕೆ, ಆಮೇಲೆ ಕುಕ್ಕರಿಗೆ ಹಾಕಿದಳು. ನಾನು ಕ್ಷಮೆ ಕೇಳುವುದರೊಳಗೆ ಅವಳು ನಗುತ್ತ ಅಕ್ಕನ ಕೈ ಹಿಡಿದು ಕೆಳಗಿನ ಅಡುಗೆಮನೆಗೆ ಕರೆದುಕೊಂಡು ಹೋದಳು. ಬೇಳೆಯ ಪಾತ್ರೆ ಗ್ಯಾಸಿನ ಒಲೆಗೆ ಬಂತು.

ಬೇಳೆ ಕುದಿಯಿತು. ಕುದಿಯುತ್ತಲೇ ಇತ್ತು. ಪಕ್ಕದ ಒಲೆಯ ಅನ್ನ ಆಗಿ ಆರಿತು. ಅಕ್ಕ ಒಂದು ಬೇಳೆ ತೆಗೆದು ಹಿಸುಕಿದಳು. ಮಣಿಯಲಿಲ್ಲ. ಇನ್ನಷ್ಟು ನೀರು ಹಾಕಿದಳು. ನೊರೆ ಉಕ್ಕಿತು, ಬೇಳೆ ಹಾಗೇ ಇತ್ತು.

“ಹಳೇ ಬೇಳೆ ಇರ್ಬೇಕು” ಎಂದೆ.

“ಎಂತ ಹಳೇದು? ಇದೇ ಬೇಳೆ ಇದೇ ಕುಕ್ಕರಲ್ಲಿ ಮನೇಲಿ ಬೇಯಿಸಿ ನೋಡೇ ತಂದಿದೀನಿ. ಬೆಣ್ಣೆ ಹಂಗೆ ಕರಗಿತ್ತು.”

ನೆರ್ಮಿನ್ ಇಣುಕಿ ನೋಡಿ, ನಲ್ಲಿ ತೋರಿಸಿ ತಲೆಯಾಡಿಸಿದಳು. ಮೂಲೆಯಲ್ಲಿದ್ದ ಎರಡು ಕ್ಯಾನು ತೋರಿಸಿದಳು. ಫೋನು ಗಂಭೀರವಾಗಿ ಹೇಳಿತು, “ನಲ್ಲಿಯ ಜಲದಲ್ಲಿ ದ್ವಿದಳ ಧಾನ್ಯವು ಮೃದುತ್ವವನ್ನು ಹೊಂದುವುದಿಲ್ಲ. ಪರ್ವತದ ಜಲವನ್ನು ತರುತ್ತೇವೆ.” ಚಹಾಕ್ಕೂ ಕಡಲೆಗೂ ಅವರು ದೂರದ ಬೆಟ್ಟದಿಂದ ಬೇರೆ ನೀರು ತುಂಬಿಸಿಕೊಂಡು ಬರುತ್ತಾರಂತೆ. ಕಡಲೆ ನೆನೆಸುವಾಗ ಚಿಟಿಕೆ ಸೋಡಾ ಹಾಕುತ್ತಾರಂತೆ. ನಾನು ಪಟ್ಟಿ ತಂದು ನಲ್ಲಿನೀರಿಗೆ ಅದ್ದಿದೆ. ಗಡಸು. ಕ್ಯಾನಿನ ನೀರಿಗೆ ಅದ್ದಿದೆ. ಮೆದು. ನೀರಿನ ಸುಣ್ಣ ಬೇಳೆಯ ತಿರುಳಿಗೆ ಹತ್ತಿ ಬಿಗಿಯುತ್ತದೆ, ಅದಕ್ಕೇ ಬೇಯುವುದಿಲ್ಲ ಎಂದು ವಿವರಿಸಲು ಹೊರಟೆ. ಅಕ್ಕ ಕೇಳುತ್ತಿರಲಿಲ್ಲ. ಸೌಟು ಹಿಡಿದು ಗೋಡೆ ನೋಡುತ್ತ ನಿಂತಿದ್ದಳು.

“ಅಮ್ಮ ಬೈತಿದ್ಲು” ಎಂದಳು. “ಅಬ್ಬಿ ನೀರು ತಂದು ಬೇಳೆಗೆ ಹಾಕಿದ್ಯಾ, ಈಗ ರಾತ್ರಿ ತನಕ ಒಲೆ ಊದು ಅಂತ. ಬೇಳೆಗೆ ಹೊಳೆ ನೀರೇ ತರ್ಬೇಕಿತ್ತು.”

“ಯಾವ ಅಬ್ಬಿ?”

“ಹಳೇ ಊರಿಂದು. ಮನೆ ಹಿಂದೆ ದರೆಯಿಂದ ನೀರು ಬೀಳ್ತಿತ್ತಲ್ಲ, ಅದು. ನಿಂಗೆಲ್ಲಿ ಗೊತ್ತು.”

ಹಳೇ ಊರು ಎಂದರೆ ಶರಾವತಿ ದಂಡೆಯ ಹಳ್ಳಿ. ಅಪ್ಪ ಅಲ್ಲಿ ಗೇಣಿ ಗದ್ದೆ ಮಾಡುತ್ತಿದ್ದ. ಅಣೆಕಟ್ಟು ಬಂದು ಮುಳುಗಡೆಯಾದ ಮೇಲೆ ಮನೆಯವರು ಹೊಸನಗರದ ಕಡೆ ಬಂದರು. ಅದಾದ ಮರುವರ್ಷ ನಾನು ಹುಟ್ಟಿದೆ. ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚು ಹತ್ತಿದಾಗಲೆಲ್ಲ ಅಕ್ಕ ನೀರಿನ ಕಡೆ ಕೈ ಮಾಡಿ, ಅಲ್ಲೆಲ್ಲೋ ನಮ್ಮ ಮನೆ ಎನ್ನುತ್ತಿದ್ದಳು. ನನಗೆ ಕಾಣುತ್ತಿದ್ದದ್ದು ನೀರು ಮಾತ್ರ.

“ಅಕ್ಕಾ, ಬೇಳೆ ಬೇಯದ ನೀರು ಅಂದ್ರೆ ಅದ್ರಲ್ಲಿ ಸುಣ್ಣ ಇತ್ತು ಅಂತ ಅರ್ಥ.”

“ಇದ್ದಿರ್ಬಹುದು. ಅದಕ್ಕೂ ನಿನ್ನ ಎಲೆಗೂ ಎಂತ ಸಂಬಂಧ? ನಿಂದು ಹೊಸನಗರದ ಗುಡ್ಡ, ಬೆಳ್ಳನೆ ಎಲೆ ಅಲ್ವಾ?”

ನಿಜ, ಸಂಬಂಧವಿರಲಿಲ್ಲ. ನೆರ್ಮಿನ್ ಕ್ಯಾನಿನ ನೀರಿನಲ್ಲಿ ಹೊಸದಾಗಿ ಬೇಳೆ ಇಟ್ಟುಕೊಟ್ಟಳು. ಅದು ಬೆಂದಿತು. ಸಾರನ್ನು ಬಟ್ಟಲಿಗೆ ಹಾಕಿಸಿಕೊಂಡು ಕುಡಿದ ನೆರ್ಮಿನ್ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ಇನ್ನೊಂದು ಬಟ್ಟಲು ಕೇಳಿದಳು. ಅಪ್ಪೆಮಿಡಿಯ ಡಬ್ಬಿ ಅಲ್ಲಿಯೇ ಉಳಿಯಿತು.

ಬಸ್ಸಿನಲ್ಲಿ

ಅಂಟಾಲ್ಯಕ್ಕೆ ಹೋಗುವ ದೊಡ್ಡ ಬಸ್ಸಿನಲ್ಲಿ, ಹೊರಟ ಸ್ವಲ್ಪ ಹೊತ್ತಿಗೆ ಟೈ ಕಟ್ಟಿದ ಸಹಾಯಕ ಒಂದು ಬಾಟಲಿ ಹಿಡಿದು ಸಾಲಾಗಿ ಬಂದ. ಜನ ಬೊಗಸೆ ಒಡ್ಡುತ್ತಿದ್ದರು, ಅವನು ಒಂದಿಷ್ಟು ಹನಿಸುತ್ತಿದ್ದ. ಅಕ್ಕ ತಟ್ಟನೆ ಎಡಗೈ ಮೇಲೆ ಬಲಗೈ ಇಟ್ಟು ಅಂಗೈ ಗುಳಿ ಮಾಡಿದಳು. ನಾನು ಕಿಟಕಿ ಕಡೆ ನೋಡುತ್ತಿದ್ದೆ. ತಿರುಗುವಷ್ಟರಲ್ಲಿ ಅವಳು ಅದನ್ನು ಸುರ್ರೆಂದು ಕುಡಿದು, ಉಳಿದದ್ದನ್ನು ತಲೆಗೆ ಒರೆಸಿಕೊಂಡಿದ್ದಳು.

ಅದು ನಿಂಬೆಯ ಪರಿಮಳದ ಕೊಲೋನು. ಕೈಗೆ ಹಚ್ಚಿಕೊಳ್ಳಲು ಕೊಡುವುದು ಅಲ್ಲಿನ ಪದ್ಧತಿ.

ಅಕ್ಕ ಕೆಮ್ಮಿದ ರಭಸಕ್ಕೆ ಡ್ರೈವರು ಕನ್ನಡಿಯಲ್ಲಿ ನೋಡಿದ. ಸಹಾಯಕ ಓಡಿಹೋಗಿ ನೀರು ತಂದ. ಹಿಂದಿನ ಸೀಟಿನ ಮುದುಕಿಯೊಬ್ಬಳು ಅಕ್ಕನ ಬೆನ್ನು ತಟ್ಟುತ್ತ ಕೂತಳು.

“ತೀರ್ಥ ಕೊಡೋ ಹಂಗೇ ಕೊಟ್ಟ ಅಲ್ಲನಾ” ಎಂದಳು ಅಕ್ಕ, ಉಸಿರು ಬಂದ ಮೇಲೆ. “ಯಾರಿಗೂ ಹೇಳ್ಬೇಡ. ನಿನ್ನ ಭಾವಂಗಂತೂ ಬೇಡ.”

ಭಾವನಿಗೆ ಹೇಳಲಿಲ್ಲ. ಬರೆಯಬೇಡ ಎಂದು ಅವಳು ಹೇಳಿರಲಿಲ್ಲ.

ಅಂಟಾಲ್ಯ

ಅಂಟಾಲ್ಯದಲ್ಲಿ ಸಮುದ್ರವಿದೆ, ಅದನ್ನು ನೋಡಲು ಬರುವ ಜಗತ್ತೇ ಇದೆ. ನಾನು ಬಂದದ್ದು ಊರಿನ ಅಡಿಯಲ್ಲಿರುವ ಕಲ್ಲಿಗಾಗಿ. ಆ ಊರು ನಿಂತಿರುವುದೇ ತಣ್ಣೀರಿನ ಒರತೆಗಳು ಹಾಕಿದ ಕಲ್ಲಿನ ಮೇಲೆ. ಇದಕ್ಕೆ ಟ್ಯೂಫಾ ಎನ್ನುತ್ತಾರೆ. ಹುಟ್ಟುವ ರೀತಿ ಅದೇ, ಆದರೆ ನಿಧಾನ. ಬಿಸಿನೀರಿನಲ್ಲಿ ಹೆಚ್ಚೇನೂ ಬೆಳೆಯುವುದಿಲ್ಲ. ತಣ್ಣೀರಿನಲ್ಲಿ ಪಾಚಿ, ಹಾವಸೆ, ಜರಿಗಿಡ ಎಲ್ಲ ಬೆಳೆಯುತ್ತವೆ. ನೀರು ಅವುಗಳ ಮೇಲೆ ಹರಡಿ ಹರಿಯುವಾಗ ಸುಣ್ಣ ಎಲೆಗೂ ಕಡ್ಡಿಗೂ ಹತ್ತಿಕೊಳ್ಳುತ್ತದೆ. ಒಳಗಿನ ಎಲೆ ಕೊಳೆತು ಹೋಗುತ್ತದೆ, ಅದರ ಆಕಾರದ ಚಿಪ್ಪು ಉಳಿಯುತ್ತದೆ. ಪಾಚಿಯ ಬುಡ ಕಲ್ಲಾಗುತ್ತಿದ್ದರೂ ತುದಿ ಹಸಿರಾಗಿ ಮೇಲೆ ಬೆಳೆಯುತ್ತಲೇ ಇರುತ್ತದೆ.

ಊರ ಹೊರಗಿನ ಒಂದು ಜಲಪಾತಕ್ಕೆ ಹೋದೆವು. ಜೋಗ ನೋಡಿದವರಿಗೆ ಅದು ಜಲಪಾತವೇ ಅಲ್ಲ. ಅಕ್ಕ, “ಇದಕ್ಕೆ ಟಿಕೆಟ್ಟಾ?” ಎಂದಳು. ಆದರೆ ಅದರ ಬಂಡೆ ನೋಡುವಂಥದ್ದು. ಕಲ್ಲೆಲ್ಲ ಹಾವಸೆಯ ಗಡ್ಡ ಬಿಟ್ಟುಕೊಂಡು ಮುಂದಕ್ಕೆ ಬಾಗಿತ್ತು. ನೀರು ಬಂಡೆಯನ್ನು ಕೊರೆಯುವ ಬದಲು ಬೆಳೆಸುತ್ತಿತ್ತು. ಕಂದು, ಹಸಿರು, ಕಪ್ಪು. ಬಿಳಿ ಎಲ್ಲಿಯೂ ಇರಲಿಲ್ಲ. ನನಗೆ ಬೇಕಾದದ್ದು ಇಲ್ಲಿಲ್ಲ ಎಂದುಕೊಂಡು ಕ್ಯಾಮೆರಾ ಒಳಗಿಟ್ಟೆ.

ಅಕ್ಕ ದಾರಿಯ ಬದಿಯಲ್ಲಿ, ಸಣ್ಣಗೆ ನೀರು ಜಿನುಗುವ ಒಂದು ಕಡಿದಾದ ದರೆಯ ಹತ್ತಿರ ನಿಂತಿದ್ದಳು. ಕೆಳಗೆ ಉದುರಿ ಬಿದ್ದಿದ್ದ ಒಂದು ತುಂಡು ಅವಳ ಕೈಯಲ್ಲಿತ್ತು. ಕಂದು ಬಣ್ಣದ, ಒರಟು, ಹಗುರ ತುಂಡು. ಉಗುರಿನಿಂದ ಕೆರೆದಳು. ಮರಳು ಮರಳಾಗಿ ಉದುರಿತು. ಮುರಿದಳು. ಟಕ್ಕೆನ್ನಲಿಲ್ಲ, ಚರಕ್ಕೆಂದಿತು, ಒಣ ರೊಟ್ಟಿಯ ಹಾಗೆ. ಒಳಗೆ ಜರಿಯ ದಂಟು ಇದ್ದ ಜಾಗದಲ್ಲಿ ಉದ್ದಕ್ಕೆ ಒಂದು ತೂತು.

“ಶಂಕ್ರಾ” ಎಂದಳು. ನನ್ನನ್ನು ಅವಳು ಹೆಸರು ಹಿಡಿದು ಕರೆಯುವುದು ಕಡಿಮೆ. “ಇದು ನಂಗೆ ಗೊತ್ತು.”

ನಾನು ಹತ್ತಿರ ಹೋದೆ.

“ಆ ಅಬ್ಬಿ ಬಾಯಲ್ಲಿ ಅಪ್ಪ ಜರಿಎಲೆ ಸಿಗಿಸಿ ಇಟ್ಟಿದ್ದ. ಮುಟ್ಬೇಡ, ಬರೋ ವರ್ಷ ತೋರಿಸ್ತೀನಿ ಅಂದಿದ್ದ. ಮರುವರ್ಷ ತೆಗೆದು ನನ್ನ ಕೈಯಲ್ಲಿ ಇಟ್ಟ. ಹಿಂಗೇ ಇತ್ತು. ಹಿಂಗೇ ಒರಟು. ಮುರಿದು ನೋಡಿದ್ರೆ ಒಳಗೆಂತ ಇಲ್ಲ, ಬರೀ ತೂತು. ನಾನು ಅತ್ತಿದ್ದೆ, ಎಲೆ ಎಲ್ಲಿ ಹೋಯ್ತು ಅಂತ.”

“ನಾನು ಹೇಳಿದಾಗಲೆಲ್ಲ ಇಲ್ಲ ಅಂದ್ಯಲ್ಲ?”

“ನೀನು ಬೆಳ್ಳಗೆ ಹೊಳೀತಿತ್ತು ಅಂತಿದ್ದೆ. ಗುಡ್ಡದ ಮೇಲೆ ಅಂತಿದ್ದೆ. ಅಂಥದ್ದು ನಾನು ನೋಡಿರ್ಲಿಲ್ಲ. ಇಲ್ಲ ಅಂದೆ.”

ನಿಜ. ಬಿಳಿ ಬಣ್ಣ ನಾನು ಬಳಿದದ್ದು. ಓದುವಾಗ ಪುಸ್ತಕದಲ್ಲಿ ಕಂಡ ಬಿಳಿ ಗುಡ್ಡದ ಚಿತ್ರ ಯಾವಾಗಲೋ ಆ ಎಲೆಗೆ ಹತ್ತಿಕೊಂಡಿರಬೇಕು. ಗುಡ್ಡ ಹೊಸನಗರದ್ದು, ಯಾಕೆಂದರೆ ನನಗೆ ಗೊತ್ತಿದ್ದದ್ದು ಅದೊಂದೇ.

ಆದರೂ ಸಂಶಯದ ಹುಳ ಬಿಡಲಿಲ್ಲ. “ಅಕ್ಕಾ, ಇದನ್ನ ನೋಡಿದ ಮೇಲೆ ನಿಂಗೆ ಹಾಗನ್ನಿಸ್ತಿರಬಹುದಲ್ಲ? ನಾನು ಹೇಳಿ ಹೇಳಿ ನಿನ್ನ ತಲೇಲೂ ಕೂತಿರಬಹುದು.”

“ಬೇಳೆ ಬೇಯದ್ದು ಯಾರು ಹೇಳಿದ್ದು? ನೀನಾ?”

ಅದು ನಾನು ಹೇಳಿದ್ದಲ್ಲ. ಎಲೆಯ ಮಾತೇ ಇಲ್ಲದಾಗ, ಒಲೆಯ ಮುಂದೆ, ತಾನಾಗಿ ಬಂದದ್ದು. ಆ ನೀರಿನಲ್ಲಿ ಸುಣ್ಣವಿತ್ತು ಎನ್ನುವುದಕ್ಕೆ ಅಮ್ಮನ ಬೈಗುಳಕ್ಕಿಂತ ಒಳ್ಳೆಯ ಪಟ್ಟಿ ನನ್ನ ಚೀಲದಲ್ಲಿ ಇರಲಿಲ್ಲ. ಒಪ್ಪಿಕೊಂಡೆ. ಒಪ್ಪಿಕೊಂಡ ಕೂಡಲೇ ಉಳಿದದ್ದೂ ಅರ್ಥವಾಯಿತು. ಆ ಊರು ಮುಳುಗಿದ ಮೇಲೆ ನಾನು ಹುಟ್ಟಿದ್ದು. ಎಲೆ ನಿಜ, ಅಪ್ಪ ಕೊಟ್ಟದ್ದೂ ನಿಜ. ಕೊಟ್ಟದ್ದು ಅವಳ ಕೈಗೆ. ನೆನಪು ನನ್ನದಲ್ಲ.

ಹತ್ತಿರದಲ್ಲೇ ಮರಗಳ ಅಡಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಅಕ್ಕ ಖುಷಿಯಲ್ಲಿದ್ದಳು. ಬದನೆಕಾಯಿ ಸುಟ್ಟು ಮಾಡಿದ ಏನನ್ನೋ ತಿಂದು, ನಮ್ಮ ಗೊಜ್ಜಿಗೆ ಇವರು ಎಣ್ಣೆ ಜಾಸ್ತಿ ಸುರಿದಿದ್ದಾರೆ ಎಂದಳು. ನನಗೆ ಊಟ ರುಚಿಸಲಿಲ್ಲ. ಕೊನೆಗೆ ಹೋಟೆಲಿನವನು ಬಾಟಲಿ ಹಿಡಿದು ಬಂದ. ಈ ಸಲ ಅಕ್ಕ ಜಾಣೆ. ಅಂಗೈಗೆ ಹಾಕಿಸಿಕೊಂಡು ಉಜ್ಜಿ, ನನ್ನ ಮೂಗಿನ ಹತ್ತಿರ ಹಿಡಿದಳು. ನಿಂಬೆಯ ವಾಸನೆ.

“ವಾಸನೆಯೂ ನಾನು ಕಟ್ಟಿದ್ದೇ ಇರ್ಬೇಕು ಹಾಗಾದ್ರೆ” ಎಂದೆ.

“ಯಾವ ವಾಸನೆ?”

“ಎಲೆಅಡಿಕೆದು. ಅಪ್ಪನ ಹೆಗಲ ಮೇಲೆ ಕೂತಾಗ ಬರ್ತಿತ್ತು. ಅದನ್ನ ಯಾವ ಪುಸ್ತಕದಲ್ಲೂ ಓದಿಲ್ಲ.”

ಅಕ್ಕ ನನ್ನನ್ನು ನೋಡಿದಳು. ಆಮೇಲೆ ನಗಲು ಶುರು ಮಾಡಿದಳು.

“ಅಪ್ಪ ಎಲೆಅಡಿಕೆ ಹಾಕ್ತಿರ್ಲಿಲ್ಲ ಮಾರಾಯ. ಬೀಡಿ ಅವಂದು. ಎಲೆಅಡಿಕೆ ತಿಂದ್ರೆ ತಲೆ ತಿರುಗ್ತಿತ್ತು ಅವಂಗೆ.”

“ಮತ್ತೆ?”

“ಅದು ನಾನು. ಅಜ್ಜಿ ಸಂಚಿಯಿಂದ ಕದ್ದು ಹಾಕ್ತಿದ್ದೆ. ಅಪ್ಪ ಹೋದ ಮೇಲೆ ಸಂಜೆ ಆದ್ರೆ ಸಾಕು, ಅಪ್ಪ ಎಲ್ಲಿ ಅಂತ ನಿಂದೊಂದೇ ರಾಗ. ಅಮ್ಮಂಗೆ ತಡೆಯಕ್ಕಾಗ್ತಿರ್ಲಿಲ್ಲ. ನಿನ್ನನ್ನ ಹೆಗಲ ಮೇಲೆ ಕೂರಿಸ್ಕಂಡು ಒರತೆ ತನಕ ಹೋಗ್ತಿದ್ದೆ. ಅಲ್ಲಿ ಯಾರೂ ನೋಡೋರಿಲ್ವಲ್ಲ, ಎಲೆಅಡಿಕೆ ಹಾಕ್ಕಂಡು ನಿಂಗೆ ಅಪ್ಪನ ಕತೆ ಹೇಳ್ತಿದ್ದೆ. ಅಬ್ಬಿ ಕತೆ, ಎಲೆ ಕತೆ, ಎಲ್ಲ. ನೀನು ಸುಮ್ನಾಗ್ತಿದ್ದೆ. ನಾನು ಮರ್ತೇ ಬಿಟ್ಟಿದ್ದೆ ನೋಡು.”

ಹೋಟೆಲಿನವನು ಎರಡು ಸಣ್ಣ ಗಾಜಿನ ಲೋಟದಲ್ಲಿ ಚಹಾ ತಂದಿಟ್ಟ. ಕೆಂಪಗೆ, ತಿಳಿಯಾಗಿತ್ತು. ಬೆಟ್ಟದ ನೀರಿನದ್ದೇ ಇರಬೇಕು.

ಸಾಗರ

ಉಳಿದ ಬೇಳೆ ನಮ್ಮ ಜೊತೆಗೇ ವಾಪಸು ಬಂತು. ಅಕ್ಕ ತೀರ್ಥಹಳ್ಳಿಯ ಬಸ್ಸು ಹತ್ತುವ ಮೊದಲು ಒಂದು ದಿನ ನಮ್ಮ ಮನೆಯಲ್ಲಿ ಉಳಿದಳು. ನನ್ನ ಹೆಂಡತಿ ಆ ಬೇಳೆಯನ್ನು ಸಾಗರದ ನೀರಿನಲ್ಲಿ ಬೇಯಿಸಿದಳು. ಅದು ಬೆಣ್ಣೆಯ ಹಾಗೆ ಕರಗಿತು. ಅಕ್ಕ ನನ್ನ ಕಡೆ ನೋಡಿದಳು.

ಬೇಸಿಗೆಯ ಕೊನೆಯಲ್ಲಿ ಹಿನ್ನೀರು ಇಳಿದಾಗ ಹಳೇ ಊರಿನ ಕಡೆ ಹೋಗಿ ನೋಡೋಣವೇ, ಅಬ್ಬಿಯ ಬಾಯಿ ಕಂಡರೂ ಕಾಣಬಹುದು ಎಂದೆ. ಪಟ್ಟಿಗಳಿನ್ನೂ ಉಳಿದಿವೆ.

“ನೀನು ಹೋಗು. ನಂಗೆ ಅಲ್ಲಿ ನೋಡ್ಬೇಕಾದ್ದೆಂತ ಇಲ್ಲ” ಎಂದಳು. “ಹಲ್ಲು ಹೋದ ಮೇಲೆ ಎಲೆಅಡಿಕೆ ಬಿಟ್ಟಿದ್ದೆ. ಇವತ್ತೊಂದಿನ ಹಾಕಾಣ. ಎಲೆ ಇದ್ಯಾ ಮನೇಲಿ?”

ನನ್ನ ಹೆಂಡತಿ ವೀಳ್ಯದೆಲೆ ತಂದು ಕೊಟ್ಟಳು, ಅಡಿಕೆಯನ್ನು ಕುಟ್ಟಿ ಪುಡಿ ಮಾಡಿ ಕೊಟ್ಟಳು. ಅಕ್ಕ ಎಲೆಯ ಬೆನ್ನಿಗೆ ಒಂದಿಷ್ಟು ಸುಣ್ಣ ಹಚ್ಚಿ, ಮಡಿಸಿ ಬಾಯಿಗಿಟ್ಟು, ಜಗುಲಿಯಲ್ಲಿ ಕಾಲು ಚಾಚಿ ಕೂತಳು. ನಾನು ಅವಳ ಪಕ್ಕದಲ್ಲಿ ಹೋಗಿ, ಸ್ವಲ್ಪ ಹತ್ತಿರಕ್ಕೇ, ಕೂತೆ.

ಅದೇ ವಾಸನೆ. ಬೇರೆ ಪುರಾವೆ ಕೇಳಲಿಲ್ಲ.

“ಹೇಳು” ಎಂದೆ. “ಅಪ್ಪ ಎಲೆಯನ್ನ ಎಲ್ಲಿ ಸಿಗಿಸಿ ಇಟ್ಟಿದ್ದ?”

ಅಕ್ಕ ಬಾಯೊಳಗಿನ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡು, ಮೊದಲಿನಿಂದ ಶುರು ಮಾಡಿದಳು.